ಆಸ್ಟ್ರೇಲಿಯಾದ ರಟ್ಟಿನ ಪೆಟ್ಟಿಗೆ

ಫೋನು ಬಂದಾಗ ಆಯಿಶತ್ ನಿಶಾಳ ಎರಡೂ ಕೈಗಳು ಅಕ್ಕಿಹಿಟ್ಟಿನಲ್ಲಿದ್ದವು. ಮಧ್ಯಾಹ್ನದ ಪತ್ತಿರ್ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ಗಂಡನ ಹೆಸರು ಕಂಡು, ಬಗ್ಗಿ ಮೂಗಿನ ತುದಿಯಿಂದಲೇ ಪರದೆ ಒತ್ತಿ ಸ್ಪೀಕರಿಗೆ ಹಾಕಿದಳು. ಅಷ್ಟು ಸೋಮಾರಿತನ ಮಾಡದೆ ಕೈ ತೊಳೆದು ಫೋನೆತ್ತಿದ್ದರೆ ಮುಂದಿನ ಒಂದು ಗಂಟೆಯ ಕತೆಯೇ ಬೇರೆಯಾಗುತ್ತಿತ್ತು.

"ನಿಶಾ, ಆ ರಟ್ಟಿನ ಪೆಟ್ಟಿಗೆ ಎಲ್ಲುಂಟು?"

"ಯಾವ ಪೆಟ್ಟಿಗೆ?"

"ಮೊನ್ನೆ ನಾನು ತಂದದ್ದು. ಆಸ್ಟ್ರೇಲಿಯಾದ್ದು."

"ಹಾಲ್‌ನಲ್ಲಿ. ಶಬ್ಬು ಅದರೊಳಗೆ ಕೂತು ಆಟಾಡ್ತಾ ಇದ್ದಾಳೆ. ಎಂತ?"

ಆ ಕಡೆ ಮಾತೇ ನಿಂತುಹೋಯಿತು. ರಾಝಿಕ್ ಮಾತಿಗೆ ತಡಕಾಡುವ ಪೈಕಿಯವನಲ್ಲ. ಅವನು ಸುಮ್ಮನಾದನೆಂದರೆ ಏನೋ ಕೆಟ್ಟದ್ದು ಆಗಿದೆ ಎಂದು ಎಂಟು ವರ್ಷದ ಸಂಸಾರದಲ್ಲಿ ನಿಶಾ ಕಲಿತಿದ್ದಳು. ಹಿಟ್ಟಿನೊಳಗಿದ್ದ ಬೆರಳುಗಳು ತಾವಾಗಿಯೇ ನಿಂತವು.

ಕರಾವಳಿಯಿಂದ ಗಲ್ಫಿಗೆ ಬಂದವರ ಮನೆಯಲ್ಲಿ ಒಂದು ಒಳ್ಳೆಯ ರಟ್ಟಿನ ಪೆಟ್ಟಿಗೆಗೆ ಇರುವ ಮರ್ಯಾದೆ ಸೋಫಾಕ್ಕೂ ಇರುವುದಿಲ್ಲ. ಊರಿಗೆ ಹೋಗಲು ಇನ್ನೂ ಆರು ತಿಂಗಳಿರುವಾಗಲೇ ಅದು ಬಂದು ಹಾಲ್‌ನ ಮೂಲೆ ಹಿಡಿಯಬೇಕು. ಹಾಲಿನ ಪುಡಿ, ಟ್ಯಾಂಗ್, ಕಂಬಳಿ, ನೋವಿನೆಣ್ಣೆ, ಯಾರ್ಯಾರದೋ ಮಕ್ಕಳಿಗೆ ಬಣ್ಣದ ಪೆನ್ಸಿಲು ಒಂದೊಂದಾಗಿ ಅದರ ಹೊಟ್ಟೆ ಸೇರಬೇಕು. ವಿಮಾನದಿಂದ ಎತ್ತಿ ಎಸೆದರೂ ಒಡೆಯದ ರಟ್ಟು ಬೇಕು. ಅಂಥ ರಟ್ಟು ತರಬಲ್ಲ ಗಂಡನಿರುವ ಹೆಂಗಸಿಗೆ ಅಕ್ಕಪಕ್ಕದಲ್ಲಿ ತೂಕ ಜಾಸ್ತಿ. ನಿಶಾಳ ಗಂಡ ಅರ್ದಿಯಾದ ಒಂದು ಗೋಡೌನಿನಲ್ಲಿ ಸ್ಟೋರ್‌ಕೀಪರ್. ಮರಳುಗಾಡಿನಲ್ಲಿ ಓಡಿಸುವ ದೊಡ್ಡ ಜೀಪುಗಳಿಗೆ ಬೇಕಾದ ಕಬ್ಬಿಣದ ಗಾರ್ಡು, ಚಾವಣಿಯ ಮೇಲೆ ಬಿಚ್ಚಿಕೊಳ್ಳುವ ಡೇರೆ, ಇಂಥವೆಲ್ಲ ಅಲ್ಲಿಗೆ ಆಸ್ಟ್ರೇಲಿಯಾದಿಂದ ಕಂಟೈನರಿನಲ್ಲಿ ಬರುತ್ತಿದ್ದವು. ಆ ರಟ್ಟಿನ ಗತ್ತೇ ಬೇರೆ. ಮೇಲೆ ನಿಂತು ಕುಣಿದರೂ ಕುಗ್ಗದು.

"ನಿಶಾ," ರಾಝಿಕ್‌ನ ಸ್ವರ ಸಣ್ಣಗಾಗಿತ್ತು. "ಶಬ್ಬುನ ಅದರಿಂದ ಎತ್ತು. ಈಗಲೇ. ಬೆಳಿಗ್ಗೆ ಇಲ್ಲಿ ಅದೇ ಕಂಟೈನರಿನ ಒಂದು ಡೇರೆ ಬಿಚ್ಚುವಾಗ ಒಳಗಿಂದ ಜೇಡ ಓಡಿತು. ನನ್ನ ಅಂಗೈಯಷ್ಟು. ಸುಳ್ಳಲ್ಲ. ಎಲ್ಲ ಹೊರಗೆ ಓಡಿದೆವು. ಎಲ್ಲಿ ಹೋಯ್ತು ಗೊತ್ತಿಲ್ಲ."

"ಜೇಡ ತಾನೇ," ಎಂದಳು ನಿಶಾ. ಹಾಗೆನ್ನುವಾಗಲೇ ಅವಳ ಕಾಲು ಹಾಲ್‌ನ ಕಡೆ ತಿರುಗಿತ್ತು.

"ಕೇಳು ಸ್ವಲ್ಪ. ನಮ್ಮ ಗೋಡೌನಿನ ಮುದೀರ್ ಮಾಲು ಕಳಿಸಿದ ಆಸ್ಟ್ರೇಲಿಯಾದವರಿಗೆ ಮೇಲ್ ಹಾಕಿದ್ರು. ಅವರು ಎರಡು ಫೋಟೊ ಕಳಿಸಿದ್ದಾರೆ, ನಿನಗೂ ಹಾಕಿದ್ದೇನೆ. ಒಂದು ಕಂದು, ದೊಡ್ಡದು, ಹಂಟ್ಸ್‌ಮನ್ ಅಂತೆ. ಕಚ್ಚಿದ್ರೆ ಬಾತುಕೊಳ್ತದೆ, ಅಷ್ಟೇ. ಇನ್ನೊಂದು ಕಪ್ಪು. ಫನೆಲ್ ವೆಬ್. ಅದು ಕಚ್ಚಿದ್ರೆ ದೊಡ್ಡವರಿಗೇ ಕಷ್ಟ ಅಂತೆ. ಅವರ ಅಂಗಳದಲ್ಲಿ ಎರಡೂ ಉಂಟಂತೆ. ಇಲ್ಲಿಗೆ ಬಂದದ್ದು ಯಾವುದು ಅಂತ ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ."

"ಯಾ ಅಲ್ಲಾಹ್!"

"ಮತ್ತೊಂದು. ಯಾರಿಗೂ ಹೇಳಬೇಡ. ಔಷಧಿ ಹೊಗೆ ಹಾಕುವವರೆಗೆ ಆ ಕಂಟೈನರಿನ ಒಂದು ಕಾಗದವೂ ಹೊರಗೆ ಹೋಗಬಾರದು ಅಂತ ಆರ್ಡರ್ ಇತ್ತು. ಏನಾದ್ರೂ ಹೊರಗೆ ಹೋಗಿದೆಯಾ ಅಂತ ಮುದೀರ್ ಎಲ್ಲರನ್ನೂ ನಿಲ್ಲಿಸಿ ಕೇಳಿದ್ರು. ಇಲ್ಲ ಅಂದೆ. ಈಗ ಗೊತ್ತಾದ್ರೆ ಖಲಾಸ್. ಕೆಲಸ ಇಲ್ಲ, ಇಲ್ಲಿರಲು ಇಕಾಮಾ ಇಲ್ಲ, ಶಬ್ಬುಗೆ ಸ್ಕೂಲಿಲ್ಲ. ಮೂವರೂ ಊರಿಗೆ. ಯಾರಿಗೂ ಹೇಳಬೇಡ, ಗೊತ್ತಾಯ್ತಾ?"

ಕೊನೆಯ ಮಾತು ಮುಗಿಯುವಷ್ಟರಲ್ಲಿ ನಿಶಾ ಹಾಲ್‌ನಲ್ಲಿದ್ದಳು. ಹಿಟ್ಟಿನ ಕೈಯಲ್ಲೇ ಮಗಳ ಎರಡೂ ಕಂಕುಳಿಗೆ ಕೈಹಾಕಿ ಪೆಟ್ಟಿಗೆಯಿಂದ ಎತ್ತಿದಳು. ಆರು ವರ್ಷದ ಶಬ್ನಾ ಯಾವತ್ತೂ ಹೀಗೆ ಎತ್ತಿಸಿಕೊಂಡರೆ ಕೈಕಾಲು ಬಡಿಯುವವಳು. ಇವತ್ತು ಕಟ್ಟಿಗೆಯಂತೆ ಬಿಗಿಯಾಗಿದ್ದಳು. ಎದೆಗೆ ಒತ್ತಿ ಹಿಡಿದಿದ್ದ ಟಿಫಿನ್ ಡಬ್ಬಿಯನ್ನೂ ಬಿಡಲಿಲ್ಲ. ಹುಡುಗಿ ನನ್ನ ಬೊಬ್ಬೆಗೇ ಹೆದರಿದ್ದಾಳೆ ಎಂದುಕೊಂಡಳು ನಿಶಾ.

ಅವಳನ್ನು ಊಟದ ಮೇಜಿನ ಮೇಲೆ ಕೂರಿಸಿದಳು. ಅಂಗಿ ಎತ್ತಿ ಬೆನ್ನು ನೋಡಿದಳು, ಹೊಟ್ಟೆ ನೋಡಿದಳು, ಕೂದಲು ಬಿಡಿಸಿ ನೋಡಿದಳು, ಕಿವಿಯ ಹಿಂದೆ ನೋಡಿದಳು. ಮುಟ್ಟಿದಲ್ಲೆಲ್ಲ ಅಕ್ಕಿಹಿಟ್ಟು ಅಂಟಿತು. ಬಲಗಾಲಿನ ಹರಡಿನ ಮೇಲೆ, ಕಾಲ್ಚೀಲದ ಅಂಚಿನಲ್ಲಿ, ಒಂದು ಕೆಂಪು ಗುಳ್ಳೆ ಕಂಡಿತು.

"ಇದು ಎಂತ ಶಬ್ಬು? ಏನಾದ್ರೂ ಕಚ್ಚಿತಾ?"

ಮಗು ತಲೆ ಅಲ್ಲಾಡಿಸಿತು. ಇಲ್ಲ.

"ಸರಿಯಾಗಿ ಹೇಳು!"

"ನೋ, ಉಮ್ಮಾ. ನಥಿಂಗ್."

ಸೊಳ್ಳೆ ಇರಬಹುದೇ? ಅಬು ಹಲೀಫಾದ ಆರನೇ ಮಾಳಿಗೆಗೆ, ಅದೂ ಈ ಧೂಳಿನಲ್ಲಿ, ಎಲ್ಲಿಯ ಸೊಳ್ಳೆ? ಬೆಳಿಗ್ಗೆ ಐದರಿಂದ ಹೊರಗೆ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಶಾಲೆಗಳಿಗೆ ರಜೆ ಕೊಟ್ಟಿದ್ದರು. ಎದುರಿನ ಕಟ್ಟಡವೇ ಕಾಣುತ್ತಿರಲಿಲ್ಲ. ನಿಶಾ ಕಿಟಕಿಗಳ ಸಂದಿಗೆಲ್ಲ ಟೇಪು ಹಚ್ಚಿ, ಬಾಲ್ಕನಿಯ ಬಾಗಿಲಿನ ಬುಡಕ್ಕೆ ಒದ್ದೆ ಟವೆಲ್ಲುಗಳನ್ನು ತುರುಕಿದ್ದಳು. ಒಂದು ಕಣ ಧೂಳೂ ಒಳಗೆ ಬಾರದ ಹಾಗೆ ಮನೆಯನ್ನು ಮುಚ್ಚಿದ್ದಕ್ಕೆ ಅವಳಿಗೆ ಬೆಳಿಗ್ಗೆ ಸ್ವಲ್ಪ ಹೆಮ್ಮೆಯೂ ಆಗಿತ್ತು. ಈಗ ನೋಡಿದರೆ ಒಳಗಿನದ್ದು ಹೊರಗೆ ಹೋಗಲೂ ದಾರಿಯಿಲ್ಲ.

"ಮೇಜಿನಿಂದ ಇಳಿದರೆ ಕಾಲು ಮುರೀತೇನೆ," ಎಂದು ಮಗಳಿಗೆ ಹೇಳಿ, ನೆಲ ಒರೆಸುವ ಕೋಲು ಹಿಡಿದು, ಗಂಡನ ದಪ್ಪ ಚಪ್ಪಲಿ ಮೆಟ್ಟಿಕೊಂಡು ಪೆಟ್ಟಿಗೆಯ ಹತ್ತಿರ ಹೋದಳು. ಕೋಲಿನಿಂದ ನೂಕಿ ಅದನ್ನು ಅಡ್ಡ ಬೀಳಿಸಿದಳು. ಗೊಂಬೆ, ಟಿಶ್ಯೂ ಡಬ್ಬಿ, ಎರಡು ಕ್ರೇಯಾನು ಉರುಳಿದವು. ಪೆಟ್ಟಿಗೆಯೊಳಗೆ ಮಗು ಒಂದು ಮನೆ ಬರೆದಿತ್ತು. ಕಿಟಕಿ, ಬಾಗಿಲು, ಸೂರ್ಯ. ಕೋಲಿನ ತುದಿಯಿಂದ ತಳದ ಮಡಿಕೆಯನ್ನು ಮೀಟಿದಳು.

ಅಲ್ಲಿತ್ತು.

ಕಂದು ಬಣ್ಣ. ಉದ್ದುದ್ದ ಕಾಲುಗಳು. ಅವಳು ಕಿರುಚಿದ್ದು ಕೆಳಗಿನ ಮಾಳಿಗೆಗೂ ಕೇಳಿಸಿರಬೇಕು. ಕಾಲಿನ ಚಪ್ಪಲಿ ಕೈಗೆ ಬಂತು, ಕಣ್ಣು ಮುಚ್ಚಿಕೊಂಡು ಹೊಡೆದಳು. ಒಂದೇ ಪೆಟ್ಟು. ಕಣ್ಣು ತೆರೆದಾಗ ಅದು ಅಲ್ಲಾಡುತ್ತಿರಲಿಲ್ಲ. ಒಂದೆರಡು ಕಾಲುಗಳು ಒಣ ಹಪ್ಪಳದ ಹಾಗೆ ಮುರಿದು ಬೇರೆಯಾಗಿದ್ದವು. ನೀರಿಲ್ಲ, ಕೀವಿಲ್ಲ. ಯಾವಾಗಲೋ ಸತ್ತು ಒಣಗಿದ್ದು. ನಿಶಾ ಅಲ್ಲೇ ನೆಲಕ್ಕೆ ಕುಸಿದು ಅಲ್‌ಹಂದುಲಿಲ್ಲಾಹ್ ಎಂದಳು. ಹೋದ ಜೀವ ಬಂದಂತಾಗಿತ್ತು.

ಕೈ ತೊಳೆದು ಗಂಡನಿಗೆ ಫೋನು ಮಾಡಿದಳು. "ಸತ್ತಿದೆ. ಒಣಗಿ ಹೋಗಿದೆ."

"ಹಾ! ಒಳ್ಳೇದಾಯ್ತು," ಎಂದು ರಾಝಿಕ್ ಉಸಿರು ಬಿಟ್ಟ. "ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಬಿಸಾಡು. ರಟ್ಟನ್ನೂ ತುಂಡು ಮಾಡಿ ಬಿಸಾಡು. ಮುಗೀತು."

"ಶಬ್ಬು ಕಾಲಲ್ಲಿ ಕೆಂಪು ಗುಳ್ಳೆ ಉಂಟು."

"ಗುಳ್ಳೆಯಾ? ಎಷ್ಟು ದೊಡ್ಡದು?"

"ನೀವು ಮನೆಗೆ ಬನ್ನಿ," ಎಂದಳು.

"ಹೇಗೆ ಬರುದು? ರಸ್ತೆಯೇ ಕಾಣುದಿಲ್ಲ, ವ್ಯಾನ್ ನಿಲ್ಲಿಸಿದ್ದಾರೆ. ಟ್ಯಾಕ್ಸಿಗೆ ಫೋನ್ ಮಾಡಿದೆ, ಯಾರೂ ಬರ್ತಾ ಇಲ್ಲ. ಅದು ಸೊಳ್ಳೆ ಇರಬೇಕು ನಿಶಾ. ಸತ್ತ ಜೇಡ ಹೇಗೆ ಕಚ್ಚುತ್ತದೆ?"

ಮಾತು ನ್ಯಾಯವೇ. ಆದರೆ ಸಾಯುವ ಮೊದಲು ಕಚ್ಚಿದ್ದರೆ? ನಿಶಾ ಗಂಡ ಕಳಿಸಿದ ಫೋಟೊಗಳನ್ನು ತೆರೆದಳು. ಕಂದು ಒಂದು, ಕಪ್ಪು ಒಂದು ಎಂದು ಹೇಳುವುದು ಸುಲಭ. ಒಣಗಿದ ಮೇಲೆ ಕಪ್ಪೂ ಕಂದಾಗುವುದಿಲ್ಲ ಎಂದು ಯಾರು ಕಂಡಿದ್ದಾರೆ? ಮೇಜಿನ ಕಡೆ ನೋಡಿದಳು. ಮಗಳು ಟಿಫಿನ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಮುಚ್ಚಳದ ಮೇಲೆ ಎರಡೂ ಅಂಗೈ ಒತ್ತಿ, ಪರೀಕ್ಷೆಗೆ ಕೂತವಳ ಹಾಗೆ ಕೂತಿದ್ದಳು. ಮುಖ ಬಿಳಿಚಿಕೊಂಡಿತ್ತು. ಅಥವಾ ಹಿಟ್ಟಿನಿಂದ ಹಾಗೆ ಕಂಡಿತೋ?

ಯಾರಿಗೂ ಹೇಳಬೇಡ ಎಂದಿದ್ದ ರಾಝಿಕ್. ಹೇಳದೆ ಮಗು ಸತ್ತರೆ ಆ ಇಕಾಮಾ ಇಟ್ಟುಕೊಂಡು ನೆಕ್ಕುವುದೇ? ನಿಶಾಗೆ ಗಂಡನ ಮೇಲೆ ಸಿಟ್ಟು ನೆತ್ತಿಗೇರಿತು. ಎದುರು ಫ್ಲ್ಯಾಟಿನ ಬಾಗಿಲು ಬಡಿದಳು.

ಎದುರು ಮನೆಯ ಹೆಲೆನ್ ಬಜ್ಪೆಯವಳು. ಹಲ್ಲಿನ ಕ್ಲಿನಿಕ್ಕಿನಲ್ಲಿ ಫೋನೆತ್ತುವ ಕೆಲಸ, ಗಟ್ಟಿ ಹೆಂಗಸು. ಆದರೆ ನಿಶಾ ಅವಳ ಮನೆಗೆ ಓಡಿದ್ದು ಗಟ್ಟಿತನಕ್ಕಲ್ಲ. ಹೆಲೆನ್‌ಳ ಅಕ್ಕ ಎಲಿಜಬೆತ್ ಇಪ್ಪತ್ತು ವರ್ಷದಿಂದ ಸಿಡ್ನಿಯಲ್ಲಿ ಮುದುಕರನ್ನು ನೋಡಿಕೊಳ್ಳುವ ಮನೆಯಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಕಾರಿನೊಳಗೆ ಜೇಡ, ಕರ್ಟನ್ನಿನ ಹಿಂದೆ ಜೇಡ ಎಂದು ಅವಳು ಹೇಳಿದ ಕತೆಗಳನ್ನು ಹೆಲೆನ್ ನಗುತ್ತ ಎಷ್ಟೋ ಸಲ ಹೇಳಿದ್ದಳು. ಆಗ ನಿಶಾ ಕೂಡ ನಕ್ಕಿದ್ದಳು.

"ಎಂತ ಮಾರಾಯ್ತಿ, ಮೈಯೆಲ್ಲ ಹಿಟ್ಟು?" ಎಂದು ಬಾಗಿಲು ತೆರೆದ ಹೆಲೆನ್, ನಿಶಾಳ ಮುಖ ಕಂಡು ಮುಂದಿನ ಮಾತು ನುಂಗಿದಳು. ನಿಶಾ ನಿಂತಲ್ಲೇ ಎಲ್ಲ ಹೇಳಿದಳು. ಪೆಟ್ಟಿಗೆ, ಕಂಟೈನರು, ಕೆಂಪು ಗುಳ್ಳೆ. "ಹೆಲೆನಕ್ಕ, ಇವರ ಕೆಲಸದ ವಿಷಯ, ನಿಮ್ಮ ಹತ್ತಿರವೇ ಇರಲಿ."

"ಕೆಲಸ ಆಮೇಲೆ ನೋಡುವ. ಮಗು ಎಲ್ಲಿ?"

ಎರಡೇ ನಿಮಿಷದಲ್ಲಿ ಹೆಲೆನ್ ನಿಶಾಳ ಹಾಲ್‌ನಲ್ಲಿದ್ದಳು, ಎಲಿಜಬೆತ್ ಅವಳ ಫೋನಿನ ಪರದೆಯ ಮೇಲಿದ್ದಳು. ಅಲ್ಲಿ ಸಂಜೆಯಾಗಿತ್ತು, ಅವಳ ಹಿಂದೆ ಕುಕ್ಕರು ಕೂಗುತ್ತಿತ್ತು. ಹೆಲೆನ್ ಮಂಡಿಯೂರಿ ಕ್ಯಾಮೆರಾವನ್ನು ಪೆಟ್ಟಿಗೆಯ ತಳಕ್ಕೆ ಹಿಡಿದಳು.

"ಇನ್ನೂ ಹತ್ತಿರ," ಎಂದಳು ಎಲಿಜಬೆತ್. "ತಲೆಯ ಭಾಗ ತೋರಿಸು. ಹಾಂ. ಅಲ್ಲಿ ಮೇಲೆ ಮುಚ್ಚಳ ತೆರೆದ ಹಾಗೆ ಉಂಟಲ್ಲ?"

"ಉಂಟು."

"ಇದು ಸತ್ತ ಜೇಡ ಅಲ್ಲ ಹೆಲೆನ್. ಇದು ಅದರ ಪೊರೆ. ಹಾವು ಬಿಡ್ತದಲ್ಲ, ಹಾಗೆ. ದೊಡ್ಡದಾದಾಗ ಹಳೆ ಚರ್ಮ ಬಿಟ್ಟು ಹೊರಗೆ ಬರ್ತದೆ."

ನಿಶಾಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ಹಾಗಾದ್ರೆ ಅದು ಎಲ್ಲಿ?"

"ಅದು ನಿಮ್ಮ ಮನೆಯಲ್ಲುಂಟು," ಎಂದಳು ಎಲಿಜಬೆತ್. "ಇದಕ್ಕಿಂತ ದೊಡ್ಡದು."

ಮೊನ್ನೆಯಿಂದ ಈ ಮನೆಯಲ್ಲಿ ಮಲಗಿದ್ದರು. ಇದೇ ನೆಲದಲ್ಲಿ ಬರಿಗಾಲಲ್ಲಿ ನಡೆದಿದ್ದರು. ನಿನ್ನೆ ರಾತ್ರಿ ಶಬ್ಬು ಕಾಲಿನ ಹತ್ತಿರ ಏನೋ ಹರಿಯಿತು ಎಂದಾಗ ಕನಸು ಮಲಗು ಎಂದಿದ್ದಳು. ಹೆಲೆನ್, ಆ ಗಟ್ಟಿ ಹೆಂಗಸು, ಮಂಡಿಯೂರಿದವಳು ಎದ್ದು ಸೀದಾ ಕುರ್ಚಿಯ ಮೇಲೆ ಹತ್ತಿ ನಿಂತಳು. ಬೇರೆ ದಿನವಾಗಿದ್ದರೆ ನಗಬಹುದಿತ್ತು.

"ಹೆದರಬೇಡಿ, ಹೆದರಬೇಡಿ," ಎನ್ನುತ್ತಿದ್ದಳು ಎಲಿಜಬೆತ್. "ಪೊರೆಯ ಕಾಲು ನೋಡಿ. ಏಡಿಯ ಹಾಗೆ ಪಕ್ಕಕ್ಕೆ ಚಾಚಿದೆ. ಮೈ ಚಪ್ಪಟೆ. ಇದು ಹಂಟ್ಸ್‌ಮನ್. ನಮ್ಮ ಮನೆಯಲ್ಲಿ ಒಂದು ವರ್ಷದಿಂದ ಉಂಟು, ಜಿರಲೆ ತಿಂದುಕೊಂಡು. ಇದರಿಂದ ಯಾರೂ ಸಾಯುದಿಲ್ಲ."

"ಕಪ್ಪುದು?" ಎಂದಳು ನಿಶಾ. "ಕಪ್ಪುದೂ ಅದೇ ಅಂಗಳದಲ್ಲಿ ಉಂಟು ಅಂತ ಹೇಳಿದ್ದಾರೆ. ಪೆಟ್ಟಿಗೆಯಲ್ಲಿ ಎರಡೂ ಬಂದಿದ್ರೆ?"

ಎಲಿಜಬೆತ್ ಕುಕ್ಕರು ಆಫ್ ಮಾಡಿದಳು. ಅದನ್ನು ಕಂಡು ನಿಶಾಗೆ ಇನ್ನೂ ಹೆದರಿಕೆಯಾಯಿತು.

"ಕಪ್ಪುದು ನಯವಾದ ಗೋಡೆ ಹತ್ತುದಿಲ್ಲ. ನೆಲದಲ್ಲೇ ಇರ್ತದೆ. ಅದಕ್ಕೆ ತಂಪು ಬೇಕು, ತೇವ ಬೇಕು. ಶೂವಿನೊಳಗೆ, ಒದ್ದೆ ಬಟ್ಟೆಯಡಿಗೆ ಹೋಗಿ ಕೂರ್ತದೆ. ನಿಮ್ಮ ಮನೆಯಲ್ಲಿ ನೆಲದ ಮೇಲೆ ಒದ್ದೆ ಏನಾದ್ರೂ ಉಂಟಾ?"

ಇಬ್ಬರೂ ಒಟ್ಟಿಗೆ ಬಾಲ್ಕನಿಯ ಬಾಗಿಲಿನ ಕಡೆ ನೋಡಿದರು. ಸುರುಳಿ ಸುತ್ತಿ ತುರುಕಿದ ಮೂರು ಟವೆಲ್ಲುಗಳು. ಅಬು ಹಲೀಫಾದಲ್ಲಿ ಈ ಧೂಳಿನ ದಿನ ಅಷ್ಟು ತಂಪಾದ, ಅಷ್ಟು ತೇವವಾದ ಜಾಗ ಬೇರೊಂದು ಇರಲಿಕ್ಕಿಲ್ಲ. ಅದನ್ನು ಅಲ್ಲಿ ಹಾಸಿದವಳು ತಾನೇ. ಬೆಳಿಗ್ಗೆ ಎರಡು ಸಲ ಬರಿಗೈಯಲ್ಲಿ ಎತ್ತಿ ನೀರು ಚಿಮುಕಿಸಿ ಮತ್ತೆ ಇಟ್ಟಿದ್ದಳು.

ಮೇಜಿನ ಮೇಲೆ ಶಬ್ಬು ಮಿಸುಕಾಡಿದಳು. "ಉಮ್ಮಾ, ಡೋಂಟ್ ಗೋ."

"ಸುಮ್ಮನಿರು."

ನಿಶಾ ಅಡುಗೆಮನೆಯಿಂದ ಉದ್ದ ಇಕ್ಕಳ ತಂದಳು. ಬಿಸ್ಮಿಲ್ಲಾಹ್ ಎಂದು ಮೊದಲ ಟವೆಲ್ಲಿನ ತುದಿ ಹಿಡಿದು ಎಳೆದಳು. ಏನಿಲ್ಲ. ಕೆಂಪು ಮಣ್ಣಿನ ಗೆರೆ ಮಾತ್ರ. ಎರಡನೆಯದು ಭಾರವಾಗಿತ್ತು, ಇಕ್ಕಳದಿಂದ ಜಾರಿತು. ಮತ್ತೆ ಹಿಡಿದಳು. ಎಳೆದಳು. ಏನಿಲ್ಲ. ಮೂರನೆಯದರ ಮಡಿಕೆಯಿಂದ ಕಪ್ಪಗೆ, ಹೊಳೆಯುವ, ಬಾಗಿದ ಕಾಲುಗಳದ್ದೊಂದು ನೆಲಕ್ಕೆ ಬಿತ್ತು.

ಹೆಲೆನ್ ಯೇಸುವನ್ನು ಕರೆದಳು. ನಿಶಾಗೆ ಕೂಗಲೂ ಆಗಲಿಲ್ಲ. ಇಕ್ಕಳವನ್ನೇ ಅದರ ಮೇಲೆ ಎಸೆದಳು. ಅದು ಎರಡು ತುಂಡಾಗಿ ಹಾರಿತು.

ಶಬ್ಬುವಿನ ತಲೆಯ ಕ್ಲಿಪ್ಪು.

ನಿಶಾ ನಗಲಿಲ್ಲ, ಅಳಲೂ ಇಲ್ಲ. ಕ್ಲಿಪ್ಪಿನ ತುಂಡುಗಳನ್ನು ನೋಡುತ್ತ ನಿಂತಳು. ಆಮೇಲೆ ಶೂಗಳು. ಒಂಬತ್ತು ಜೊತೆ, ಒಂದೊಂದನ್ನೂ ಕೋಲಿಗೆ ಸಿಕ್ಕಿಸಿ ಬಕೆಟ್ಟಿನೊಳಗೆ ಕೊಡವಿದ್ದಾಯಿತು. ಸೋಫಾದ ಅಡಿ, ಫ್ರಿಜ್ಜಿನ ಹಿಂದೆ, ಕರ್ಟನ್ನಿನ ಮಡಿಕೆ. ಕಂದೂ ಇಲ್ಲ, ಕಪ್ಪೂ ಇಲ್ಲ. ಹುಡುಕಿದಷ್ಟೂ ಹೆದರಿಕೆ ಕಡಿಮೆಯಾಗಬೇಕಿತ್ತು, ಹೆಚ್ಚಾಯಿತು. ನೋಡಿ ಮುಗಿಸಿದ ಜಾಗಕ್ಕೇ ಅದು ಹಿಂದಿನಿಂದ ಬಂದು ಕೂತಿರಬಹುದಲ್ಲ.

"ನಿಶಾ," ಎಲಿಜಬೆತ್ ಕರೆದಳು. "ಹುಡುಕುದು ಬಿಡಿ. ಮಗುವಿನ ಕಾಲು ನನಗೆ ತೋರಿಸಿ."

ಕಾಲ್ಚೀಲ ಇಳಿಸಿದಾಗ ಗುಳ್ಳೆ ಗುಳ್ಳೆಯಾಗಿ ಉಳಿದಿರಲಿಲ್ಲ. ಹರಡಿನ ಸುತ್ತ ಕೆಂಪಗೆ ಬಾತುಕೊಂಡಿತ್ತು. ನಡುವೆ ಎರಡು ಚುಕ್ಕೆ, ಅಕ್ಕಪಕ್ಕ.

ಸಿಡ್ನಿಯಲ್ಲಿ ಎಲಿಜಬೆತ್ ಮುಖವನ್ನು ಪರದೆಯ ಹತ್ತಿರ ತಂದಳು. "ಇದು ಸೊಳ್ಳೆ ಅಲ್ಲ. ಯಾವಾಗ ಕಚ್ಚಿತು, ಯಾವುದು ಕಚ್ಚಿತು, ಅದು ಗೊತ್ತಾಗಬೇಕು. ಮಗುವನ್ನೇ ಕೇಳಿ. ಬಾಯಿಂದ ಜೊಲ್ಲು ಬರ್ತದಾ? ಬೆವರ್ತಾಳಾ?"

ಶಬ್ಬುವಿನ ಮೇಲ್ದುಟಿಯ ಮೇಲೆ ಬೆವರಿತ್ತು. ಹೆದರಿಕೆಯ ಬೆವರೋ ವಿಷದ್ದೋ ಯಾರಿಗೆ ಗೊತ್ತು? ಹೊರಗೆ ರಸ್ತೆಯಿಲ್ಲ. ಆಂಬ್ಯುಲೆನ್ಸ್ ಬಂದರೂ ಏನೆಂದು ಹೇಳುವುದು? ಯಾವ ಜೇಡ ಎಂದು ಡಾಕ್ಟರು ಕೇಳಿದರೆ ಏನು ತೋರಿಸುವುದು?

"ಶಬ್ಬು, ಕಂದಾ, ಎಂತ ಕಚ್ಚಿದ್ದು?"

ಮಗು ಹೆಲೆನ್‌ಳನ್ನು ನೋಡಿತು. ಫೋನಿನೊಳಗಿನ ಅಪರಿಚಿತ ಮುಖವನ್ನು ನೋಡಿತು. ತುಟಿ ಬಿಗಿಯಿತು.

"ಹೇಳು ಚಿನ್ನಾ," ಎಂದಳು ಹೆಲೆನ್.

"ನಥಿಂಗ್, ಆಂಟಿ. ನೋ ಸ್ಪೈಡರ್. ನೋ ಬಾಕ್ಸ್."

"ಬಾಕ್ಸ್ ಇಲ್ಲವಾ? ಅಲ್ಲೇ ಬಿದ್ದುಕೊಂಡಿದೆಯಲ್ಲ!" ನಿಶಾ ಮಗಳ ಭುಜ ಹಿಡಿದು ಕುಲುಕಿದಳು. "ಬಾಯಿ ಬಿಡು ಶಬ್ಬು! ಬಾಯಿ ಬಿಡು, ಇಲ್ಲದಿದ್ರೆ ಸಾಯ್ತೀಯ!"

ಶಬ್ಬು ಬಿಕ್ಕಿದಳು. "ಉಪ್ಪ ಸೆಡ್ ಡೋಂಟ್ ಟೆಲ್ ಎನಿಬಡಿ! ಉಪ್ಪನ ಜಾಬ್ ಖಲಾಸ್ ಆಗ್ತದೆ! ಸ್ಕೂಲ್ ಖಲಾಸ್ ಆಗ್ತದೆ! ಐ ಡಿಡಂಟ್ ಟೆಲ್! ಹೆಲೆನ್ ಆಂಟಿಗೆ ಕಾಣಬಾರದು ಅಂತ ಐ ಕೆಪ್ಟ್ ಇಟ್ ಕ್ಲೋಸ್ಡ್!"

ಹೇಳಿ, ಟಿಫಿನ್ ಡಬ್ಬಿಯ ಮುಚ್ಚಳವನ್ನು ಇನ್ನೂ ಬಿಗಿಯಾಗಿ ಒತ್ತಿ ಹಿಡಿದಳು.

ಆಗ ನಿಶಾ ಆ ಎರಡು ಪುಟ್ಟ ಅಂಗೈಗಳನ್ನು ಮೊದಲ ಸಲ ಸರಿಯಾಗಿ ನೋಡಿದಳು. ಈ ಒಂದು ಗಂಟೆ ಮನೆಯೆಲ್ಲ ಜಾಲಾಡುವಾಗ ಅದು ಮಗಳ ತೊಡೆಯ ಮೇಲಿತ್ತು. ಸುರಕ್ಷಿತವಾಗಿರಲಿ ಎಂದು ಮೇಜಿನ ಮೇಲೆ ಕೂರಿಸಿದವಳು ತಾನು.

"ಡಬ್ಬಿಯಲ್ಲಿ ಉಂಟಾ?" ಎಂದು ಕೇಳಿದ ಸ್ವರ ಅವಳದೇ ಎಂದು ಅವಳಿಗೆ ಅನಿಸಲಿಲ್ಲ.

ಮಗು ಹೌದೆಂದು ತಲೆಯಾಡಿಸಿತು. "ಬೆಳಿಗ್ಗೆ ಬಾಕ್ಸ್‌ನಲ್ಲಿ ಇತ್ತು. ಐ ಮೇಡ್ ಎ ಹೌಸ್ ಫಾರ್ ಹಿಮ್. ನೀನೇ ಹೇಳಿದ್ದು, ಉಮ್ಮಾ. ಸ್ಪೈಡರ್ ಈಸ್ ಗುಡ್. ಡೋಂಟ್ ಕಿಲ್."

ನಿಶಾ ಹೇಳಿದ್ದಳು. ಅವಳಿಗೆ ಅವಳ ಅಜ್ಜಿ ಹೇಳಿದ್ದು, ಅಜ್ಜಿಗೆ ಇನ್ಯಾರೋ: ಪ್ರವಾದಿಯವರು ಗುಹೆಯಲ್ಲಿದ್ದಾಗ ಬಾಗಿಲಿಗೆ ಬಲೆ ನೇಯ್ದು ಶತ್ರುಗಳ ಕಣ್ಣು ತಪ್ಪಿಸಿದ್ದು ಜೇಡ, ಅದನ್ನು ಕೊಲ್ಲಬಾರದು. ಹೋದ ವಾರವಷ್ಟೇ ಮಲಗಿಸುವಾಗ ಹೇಳಿದ್ದಳು. ಊರಿನಲ್ಲಿ, ಉಪ್ಪಿನಂಗಡಿಯ ಮನೆಯ ಗೋಡೆಯ ಮೇಲಿನ ಬೆರಳಿನ ಉಗುರಿನಷ್ಟು ಜೇಡಕ್ಕೆ ಹೊಂದುವ ಕತೆಯನ್ನು ಮಗು ಆಸ್ಟ್ರೇಲಿಯಾದ ಜೇಡಕ್ಕೂ ಹೊಂದಿಸಿತ್ತು.

"ತೆರೆಯಬೇಡಿ!" ಎಲಿಜಬೆತ್ ಕೂಗಿದಳು. "ದೊಡ್ಡ ಪಾರದರ್ಶಕ ಡಬ್ಬ ಏನಾದ್ರೂ ಉಂಟಾ? ಅದರೊಳಗಿಟ್ಟು ತೆರೆಯಿರಿ. ಯಾವುದು ಅಂತ ನನಗೆ ಕಾಣಲೇಬೇಕು."

ಪೆರ್ನಾಳ್ ಹಬ್ಬಕ್ಕೆ ಬಿರಿಯಾನಿ ಹಂಚುವ ದೊಡ್ಡ ಪ್ಲಾಸ್ಟಿಕ್ ಡಬ್ಬವೊಂದಿತ್ತು. ನಿಶಾ ಮಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಮುಚ್ಚಳ ಸರಿದರೆ ಎಂಬ ಭಯದಲ್ಲಿ ಒಂದು ಬೆರಳು ಬಿಡಿಸಿದಲ್ಲಿ ತನ್ನದೊಂದು ಬೆರಳು ಇಡುತ್ತ ಹೋದಳು. ಟಿಫಿನ್ ಡಬ್ಬಿ ಕೈಗೆ ಬಂತು. ಒಳಗೆ ಏನೋ ಕೆರೆದದ್ದು ತಗಡಿನ ಮೂಲಕ ಅಂಗೈಗೆ ತಿಳಿಯಿತು. ಹೇಗೆ ಅದನ್ನು ಎಸೆಯದೆ ಹಿಡಿದುಕೊಂಡಳೋ ಅವಳಿಗೇ ಗೊತ್ತಿಲ್ಲ. ಬಿರಿಯಾನಿ ಡಬ್ಬದೊಳಗೆ ಇಳಿಸಿದಳು. ಹೆಲೆನ್ ದೊಡ್ಡ ಮುಚ್ಚಳವನ್ನು ಸಂದಿಯಷ್ಟು ಬಿಟ್ಟು ಹಿಡಿದಳು. ನಿಶಾ ಸಂದಿಯಲ್ಲಿ ಇಕ್ಕಳ ತೂರಿಸಿ ಟಿಫಿನ್ನಿನ ಕೊಕ್ಕೆ ಮೀಟಿದಳು.

ಮೊದಲು ಒಂದು ಕಾಲು ಬಂತು. ಆಮೇಲೆ ಮತ್ತೊಂದು. ನಿಧಾನವಾಗಿ, ಅವಸರವೇ ಇಲ್ಲದೆ, ಡಬ್ಬದ ಗೋಡೆ ಹತ್ತಿ ಅದು ಮೈ ಚಾಚಿತು. ನಿಶಾಳ ಅಂಗೈ ಬೆರಳುಗಳ ಸಮೇತ ಎಷ್ಟೋ ಅಷ್ಟು ಅಗಲ. ಬೂದುಗಂದು ಬಣ್ಣ, ಮೈಯೆಲ್ಲ ಸಣ್ಣ ರೋಮ. ಕಾಲುಗಳು ಪಕ್ಕಕ್ಕೆ, ಉಳ್ಳಾಲದ ಮರಳಿನ ಏಡಿಯ ಹಾಗೆ. ಹೆಲೆನ್ ಮುಚ್ಚಳ ಒತ್ತಿ ಅದರ ಮೇಲೆ ತನ್ನ ಇಡೀ ತೋಳು ಊರಿದಳು.

"ಗೋಡೆ ಹತ್ತಿತಲ್ಲ? ಹತ್ತಿತಲ್ಲ?" ಎಲಿಜಬೆತ್ ಅಳುತ್ತಿದ್ದಳೋ ನಗುತ್ತಿದ್ದಳೋ. "ಹಂಟ್ಸ್‌ಮನ್! ಕಂದು ಜಾತಿಯದ್ದೇ! ದೇವರು ದೊಡ್ಡವ. ಮಗಳಿಗೆ ಏನೂ ಆಗುದಿಲ್ಲ ನಿಶಾ. ನೋವು ಇರ್ತದೆ, ಬಾವು ಇರ್ತದೆ. ಐಸ್ ಇಡಿ. ಧೂಳು ಇಳಿದ ಮೇಲೆ ಡಾಕ್ಟರಿಗೆ ತೋರಿಸಿ, ಈ ಡಬ್ಬವನ್ನೂ ಒಯ್ಯಿರಿ."

ನಿಶಾ ಮಗಳನ್ನು ಅಪ್ಪಿಕೊಂಡಳು. "ಯಾವಾಗ ಕಚ್ಚಿತು ಮಗಾ?"

"ಬಿಫೋರ್ ಉಪ್ಪ ಕಾಲ್ಡ್. ಡಬ್ಬಿಗೆ ಹಾಕುವಾಗ. ನಿಂಗೆ ಹೇಳ್ಬೇಕು ಅಂತ ಏಳ್ತಾ ಇದ್ದೆ. ಆಗ ಉಪ್ಪ ಫೋನ್‌ನಲ್ಲಿ ಹೇಳಬೇಡ ಅಂದ್ರು."

"ಒಂದು ಗಂಟೆ," ಎಂದಳು ಎಲಿಜಬೆತ್ ಮೆಲ್ಲಗೆ. "ಕಪ್ಪುದು ಆಗಿದ್ರೆ, ಒಂದು ಗಂಟೆಯಲ್ಲಿ..."

ನಿಶಾಗೆ ನಿಜವಾದ ಹೆದರಿಕೆ ಹುಟ್ಟಿದ್ದು ಆಗ. ಡಬ್ಬದೊಳಗಿದ್ದದ್ದರ ಮೇಲೆ ಅಲ್ಲ. ಕಪ್ಪು ಜೇಡವಾಗಿದ್ದರೂ ಈ ಮಗು ಇಲ್ಲೇ ಹೀಗೆ ಕೂತಿರುತ್ತಿತ್ತು. ಇಲ್ಲವೆಂದು ತಲೆ ಅಲ್ಲಾಡಿಸಿ, ನಥಿಂಗ್ ಎಂದು, ಅಪ್ಪನ ಕೆಲಸ ಕಾಯುತ್ತ. ಸ್ಪೀಕರಿಗೆ ಹಾಕಿದವಳು ತಾನು. ಹೇಳಬೇಡ ಎಂದವನು ಅಪ್ಪ. ಇಬ್ಬರೂ ಸೇರಿ ಮಗುವಿನ ಬಾಯಿಗೆ ಬೀಗ ಜಡಿದಿದ್ದರು.

ಗಂಡನಿಗೆ ಫೋನು ಮಾಡಿದಳು. ಈ ಸಲ ಕೈ ಒಣಗಿತ್ತು; ಆದರೂ ಬೇಕೆಂದೇ ಸ್ಪೀಕರಿಗೆ ಹಾಕಿದಳು. ನಡೆದದ್ದನ್ನೆಲ್ಲ ಹೇಳಿದಳು. ರಾಝಿಕ್ ಅಳತೊಡಗಿದ. ಅವಳು ಅವನಿಗೆ ಅಳಲು ಸಮಯ ಕೊಡಲಿಲ್ಲ.

"ಆ ಕಂಟೈನರಿನ ರಟ್ಟು ಇನ್ನು ಯಾರು ಯಾರು ಮನೆಗೆ ತಗೊಂಡು ಹೋಗಿದ್ದಾರೆ?"

"ನಿಶಾ..."

"ಯಾರು?"

"ದೇಜಪ್ಪಣ್ಣ ಒಂದು. ತಾಹಿರ್ ಒಂದು." ಸ್ವಲ್ಪ ತಡೆದು, "ನಿಸಾರ್ ಎರಡು."

"ನಿಸಾರ್ ಮನೆಯಲ್ಲಿ ಮಕ್ಕಳು ಎಷ್ಟು?"

"ಮೂರು."

"ಅವನೂ ಹೆಂಡತಿಗೆ ಫೋನ್ ಮಾಡಿ ಯಾರಿಗೂ ಹೇಳಬೇಡ ಅಂದಿರ್ಬೇಕಲ್ಲ?"

"ಅಂದಿದ್ದಾನೆ," ಎಂದ ರಾಝಿಕ್.

"ಕಪ್ಪುದು ಎಲ್ಲುಂಟು ಅಂತ ಇನ್ನೂ ಯಾರಿಗೂ ಗೊತ್ತಿಲ್ಲ," ಎಂದಳು ನಿಶಾ. "ಮುದೀರ್ ಹತ್ತಿರ ಹೋಗಿ. ಈಗಲೇ. ಫೋನ್ ಇಡಬೇಡಿ. ನಮಗೆ ಕೇಳಬೇಕು."

"ಕೆಲಸ ಹೋಗ್ತದೆ ನಿಶಾ."

"ಹೋಗಲಿ."

ನಡೆಯುವ ಸದ್ದು ಕೇಳಿಸಿತು. ಸಿಮೆಂಟು ನೆಲದ ಮೇಲೆ ರಾಝಿಕ್‌ನ ಸೇಫ್ಟಿ ಶೂ. ಒಂದು ಬಾಗಿಲು ತೆರೆಯಿತು. ಯಾರೋ ಅರಬಿಯಲ್ಲಿ ಏನೋ ಕೇಳಿದರು. ಆಮೇಲೆ ರಾಝಿಕ್‌ನ ಸ್ವರ, ಗೋಡೌನಿನ ಇಂಗ್ಲಿಷಿನಲ್ಲಿ: "ಸರ್, ಮಾರ್ನಿಂಗ್ ಐ ಟೋಲ್ಡ್ ಲೈ. ಕಾರ್ಟನ್ ಐ ಟುಕ್ ಹೋಮ್. ಮೈ ಡಾಟರ್ ಗಾಟ್ ಬೈಟ್."

ಹೆಲೆನ್ ಡಬ್ಬದ ಮೇಲಿನ ತೋಳು ತೆಗೆಯದೆ ಇನ್ನೊಂದು ಕೈಯಿಂದ ಶಿಲುಬೆಯ ಗುರುತು ಮಾಡಿಕೊಂಡಳು. ಆಮೇಲೆ ದೂರದಿಂದ, ಬಾಗಿಲಿನ ಹೊರಗಿನಿಂದಿರಬೇಕು, ನಿಸಾರ್‌ನ ಸ್ವರ ಕೇಳಿಸಿತು. "ಸರ್, ಮೀ ಆಲ್ಸೋ. ಟೂ." ಹಿಂದೆಯೇ ಯಾರೋ ಓಡುವ ಸದ್ದು, ಯಾರೋ ಮನೆಗೆ ಫೋನು ಹಚ್ಚಿ ಮಕ್ಕಳನ್ನು ಎತ್ತು, ಮಕ್ಕಳನ್ನು ಎತ್ತು ಎಂದು ಕೂಗುವ ಸದ್ದು.

ಶಬ್ಬು ಫೋನನ್ನೇ ನೋಡುತ್ತಿದ್ದಳು. ಅಪ್ಪ ಹೇಳಿದ್ದನ್ನು ಅವಳು ಎಲ್ಲ ಕೇಳಿಸಿಕೊಂಡಿದ್ದಳು. ಮೆಲ್ಲಗೆ ತಾಯಿಯ ತೋಳು ಜಗ್ಗಿದಳು.

"ಉಮ್ಮಾ, ಈಗ ಹೇಳಬಹುದಾ?"

"ಎಂತ ಕಂದಾ?"

ಒಂದು ಗಂಟೆಯಿಂದ ಒಳಗೇ ಹಿಡಿದಿಟ್ಟದ್ದೆಲ್ಲ ಒಟ್ಟಿಗೆ ಬಾಯಿಗೆ ಬಂತು.

"ತುಂಬ ನೋಯ್ತದೆ," ಎಂದಳು, ಗೋಳೋ ಎಂದು ಅತ್ತಳು.